ಇಂಜಿನ್ ಯಾವುದಮ್ಮ ಅಂದಿರಲ್ಲ

ಆಕ್ಸ್‌ಫರ್ಡ್

ಪ್ರೀತಿಯ ಮಾವನಿಗೆ,

ಅತ್ತೆಯ ಮಂಡಿನೋವು ಕಡಿಮೆಯಾಯಿತೇ? ಮೊನ್ನೆ ಫೋನಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುವ ಗಲಾಟೆಯಲ್ಲಿ ನಿಮಗೆ ಅರ್ಧವೂ ಕೇಳಿಸಿರಲಿಕ್ಕಿಲ್ಲ. ಅಮ್ಮನ ಎದುರು ಕೆಲವನ್ನು ಹೇಳುವ ಹಾಗೂ ಇರಲಿಲ್ಲ. ಎಲ್ಲರೂ ‘ಮೋಸ ಮಾಡಿದನಂತೆ, ಎಷ್ಟು ಹೋಯ್ತು’ ಅಂತ ಕೇಳಿದರು. ನೀವೊಬ್ಬರೇ ‘ಇಂಜಿನ್ ಯಾವುದಮ್ಮ’ ಅಂದಿರಿ. ಅದಕ್ಕೇ ಈ ಕಾಗದ ನಿಮ್ಮ ಹೆಸರಿಗೆ.

ನಾನು ಕೊಂಡ ಕಾರು 1967ರ ಎಂ.ಜಿ.ಬಿ. ಎರಡೇ ಸೀಟು, ಮೇಲೆ ಮಡಿಚಿಡುವ ಬಟ್ಟೆಯ ಟಾಪು, ಕೂತರೆ ರಸ್ತೆಗೆ ಕೈ ತಾಗುವಷ್ಟು ತಗ್ಗು. 1962ರಿಂದ 1980ರವರೆಗೆ ನಮ್ಮ ಪಕ್ಕದ ಊರು ಆಬಿಂಗ್‌ಡನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಫ್ಯಾಕ್ಟರಿ ಮುಚ್ಚಿ ಎಷ್ಟೋ ಕಾಲವಾಯಿತು. ನಾನು ದಿನಾ ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೌಲಿ ಸಿಗುತ್ತದೆ. ಅಂಬಾಸಿಡರ್‌ನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ತಯಾರಾಗುತ್ತಿದ್ದದ್ದು ಅಲ್ಲಿ. ಈಗ ಅದೇ ಕೌಲಿಯಿಂದ ಮಿನಿ ಹೊರಬರುತ್ತದೆ. ಬಿ.ಎಂ. ರಸ್ತೆಯ ನಿಮ್ಮ ಗ್ಯಾರೇಜಿಗೆ ಹೊಗೆ ಉಗುಳುತ್ತಾ ಬರುತ್ತಿದ್ದ ಬಾಡಿಗೆ ಕಾರುಗಳ ತವರಿನ ಮುಂದೆ ಬಸ್ಸಿಗೆ ಕಾಯುತ್ತೇನೆ ಅನ್ನುವುದು ಇಲ್ಲಿ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ.

ಮಾರಿದವನು ಬಹಳ ಸಭ್ಯಸ್ಥ. ರಿಟೈರ್ ಆದ ಮನುಷ್ಯ. ಟೀ ಕೊಟ್ಟ, ಬಿಸ್ಕತ್ತು ಕೊಟ್ಟ, ದಪ್ಪನೆಯ ಫೈಲು ತೋರಿಸಿದ. ಅವನು ಬರೆದುಕೊಟ್ಟಿದ್ದು ಇಷ್ಟು: ಕಾರು ಹುಟ್ಟಿದಾಗಿನ ಇಂಜಿನ್ ಇದೇ, ಹುಟ್ಟಿದಾಗಿನ ಹಸಿರು ಬಣ್ಣ ಇದೇ, ಬಾಗಿಲ ಕೆಳಗಿನ ಸಿಲ್‌ಗಳನ್ನು ಎರಡೂ ಕಡೆ ಪೂರ್ತಿ ಬಿಚ್ಚಿ ಹೊಸದು ಹಾಕಿದೆ. ಮೂರೂ ಸುಳ್ಳು.

ನೀವು ಕಲಿಸಿದ್ದನ್ನೆಲ್ಲ ಮಾಡಿದ್ದೆ ಮಾವ. ಬೆರಳ ಗೆಣ್ಣಿನಿಂದ ಬಾಡಿಯನ್ನು ಸುತ್ತಲೂ ತಟ್ಟಿ ಸದ್ದು ಕೇಳಿದೆ. ಪುಟ್ಟಿ ಮೆತ್ತಿದ್ದರೆ ಗೊತ್ತಾಗಲಿ ಅಂತ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ನೋಡಿದೆ. ಎಲ್ಲಾ ಕಡೆ ಗಪ್ಪನೆ ಕಚ್ಚಿತು. ಕಚ್ಚದೆ ಏನು, ಅಲ್ಲಿದ್ದದ್ದು ಹೊಸ ಉಕ್ಕಿನ ತಗಡೇ. ಕೊಳೆತ ಸಿಲ್ಲನ್ನು ತೆಗೆಯದೆ ಅದರ ಮೇಲೇ ಇನ್ನೊಂದು ತಗಡು ಕೂರಿಸಿ, ವೆಲ್ಡ್ ಮಾಡಿ, ಪೇಂಟ್ ಹೊಡೆದಿದ್ದರು. ಹುಳುಕು ಹಲ್ಲಿಗೆ ಚಿನ್ನದ ಟೋಪಿ ತೊಡಿಸಿದ ಹಾಗೆ.

ಸುಳ್ಳು ಬಯಲು ಮಾಡಿದ್ದು ಜಾಕಿ. ಮನೆಯ ಮುಂದೆ ಎಡಗಡೆ ಚಕ್ರ ಬಿಚ್ಚೋಣ ಅಂತ ಜಾಕಿ ಕೊಟ್ಟು ನಾಲ್ಕು ಸಲ ಒತ್ತಿದೆ. ಚಕ್ರ ನೆಲ ಬಿಡುವ ಮೊದಲೇ ಬಾಗಿಲಿನ ಹಿಂದಿನ ಸಂದು ಮೇಲ್ಗಡೆಯಿಂದ ಮುಚ್ಚಿಕೊಳ್ಳುತ್ತಾ ಬಂತು. ಮೊದಲು ಕಿರುಬೆರಳು ಹೋಗುವಷ್ಟಿದ್ದದ್ದು ಪೋಸ್ಟ್‌ಕಾರ್ಡೂ ತೂರದಷ್ಟಾಯಿತು. ಹ್ಯಾಂಡಲ್ ಎಳೆದರೆ ಬಾಗಿಲು ತೆರೆಯಲಿಲ್ಲ. ಜಾಕಿ ಇಳಿಸಿದೆ, ಸಲೀಸಾಗಿ ತೆರೆಯಿತು. ಅಂಬಾಸಿಡರ್ ಥರವೇ ಇದಕ್ಕೂ ಬೇರೆ ಚಾಸಿಸ್ ಇಲ್ಲವಲ್ಲ. ಟಾಪ್ ಕೂಡ ಬಟ್ಟೆಯದಾದ್ದರಿಂದ ಕಾರಿನ ಬೆನ್ನುಮೂಳೆಯೆಲ್ಲ ಆ ಸಿಲ್‌ಗಳಲ್ಲೇ ಇರುವುದು. ಅದು ಹೋದರೆ ಕಾರು ನಡುವೆ ಬಾಗುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟದಿರಲೆಂದು ಇಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಹಳೆಯ ಕಾರುಗಳನ್ನು ತಿನ್ನುವುದು ಅದೇ ಉಪ್ಪುನೀರು.

ನೀವು ಕೇಳಬಹುದು, ಎಫ್.ಸಿ. ಮಾಡುವವರು ನೋಡಲಿಲ್ಲವೇ ಅಂತ. ಇಲ್ಲಿ ಅದಕ್ಕೆ ಎಂ.ಓ.ಟಿ. ಅನ್ನುತ್ತಾರೆ, ವರ್ಷಕ್ಕೊಮ್ಮೆ. ಆದರೆ 2018ರ ಮೇ ತಿಂಗಳಿಂದ, ದೊಡ್ಡ ಬದಲಾವಣೆ ಮಾಡದ ನಲವತ್ತು ವರ್ಷ ದಾಟಿದ ಗಾಡಿಗಳಿಗೆ ಅದು ಕಡ್ಡಾಯವಲ್ಲ. ಹಳೆಯ ಕಾರು ಇಟ್ಟುಕೊಂಡವರು ಅಕ್ಕರೆಯಿಂದಲೇ ನೋಡಿಕೊಳ್ಳುತ್ತಾರೆ ಅನ್ನುವ ನಂಬಿಕೆ ಸರ್ಕಾರದ್ದು. ಈ ಕಾರನ್ನು ಜಾಕಿಯ ಮೇಲೆತ್ತಿ ಸುತ್ತಿಗೆಯಲ್ಲಿ ತಟ್ಟಿ ನೋಡುವ ಕೆಲಸ ಅಷ್ಟು ದಿನ ಯಾರ ತಲೆಯ ಮೇಲೂ ಇರಲಿಲ್ಲ. ಬೇಡದಿದ್ದರೂ ನಾನು ವರ್ಷ ವರ್ಷ ಮಾಡಿಸುತ್ತೇನೆ.

ಇನ್ನು ಇಂಜಿನ್ ವಿಷಯ. ಆ ವರ್ಷದ ಇಂಜಿನ್ನಿನ ನಂಬರು ಸಾಮಾನ್ಯವಾಗಿ 18ಜಿಬಿ ಅಂತ ಶುರುವಾಗುತ್ತದೆ. ಬ್ಲಾಕಿನ ಪಕ್ಕದ ಪುಟ್ಟ ಪ್ಲೇಟಿನ ಮೇಲಿನ ಎಣ್ಣೆ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಒರೆಸಿದರೆ 18ವಿ ಅಂತ ಕಾಣಿಸಿತು, ಅಂದರೆ ಎಪ್ಪತ್ತರ ದಶಕದ್ದು. ಗೇಡನ್ ಅನ್ನುವ ಊರಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿ ಫ್ಯಾಕ್ಟರಿಯ ಹಳೆಯ ಲೆಡ್ಜರುಗಳಿವೆ. ದುಡ್ಡು ಕಟ್ಟಿದರೆ ನಮ್ಮ ಕಾರಿಗೆ ಮೊದಲು ಯಾವ ಇಂಜಿನ್, ಯಾವ ಬಣ್ಣ ಅನ್ನುವ ಸರ್ಟಿಫಿಕೇಟ್ ಕೊಡುತ್ತಾರೆ. ಅದರಲ್ಲಿ ಇಂಜಿನ್ ನಂಬರು ಬೇರೆ, ಬಣ್ಣ ‘ಓಲ್ಡ್ ಇಂಗ್ಲಿಷ್ ವೈಟ್’. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಉಗುರಲ್ಲಿ ಕೆರೆದೆ. ಹಸಿರಿನ ಚಕ್ಕೆ ಎದ್ದು ಕೆನೆಬಣ್ಣ ಕಂಡಿತು.

ನಮ್ಮ ಮನೆಯವರು ವಾಪಸ್ ಕೊಟ್ಟುಬಿಡು ಅಂದರು. ಇಲ್ಲಿ ವ್ಯಾಪಾರಿಯಿಂದ ಕೊಂಡಿದ್ದರೆ ದೋಷವಿರುವ ಮಾಲನ್ನು ಮೂವತ್ತು ದಿನದೊಳಗೆ ಹಿಂತಿರುಗಿಸುವ ಹಕ್ಕಿದೆ. ಖಾಸಗಿಯಾಗಿ ಕೊಂಡರೆ ಆ ಹಕ್ಕಿಲ್ಲ. ಆದರೆ ಹೇಳಿದ್ದು ಒಂದು, ಕೊಟ್ಟಿದ್ದು ಇನ್ನೊಂದು ಆಗುವ ಹಾಗಿಲ್ಲ. ಅದಕ್ಕಿರುವ ಒಂದು ಕಾಯ್ದೆ ‘ಮಿಸ್‌ರೆಪ್ರೆಸೆಂಟೇಶನ್ ಆಕ್ಟ್’, ಅದೂ 1967ರದ್ದೇ! ಕಾರಿನ ಜೊತೆಗೇ ಹುಟ್ಟಿದೆ. ಅವನು ಬರೆದುಕೊಟ್ಟ ಚೀಟಿ, ಸರ್ಟಿಫಿಕೇಟು, ಫೋಟೋಗಳನ್ನು ಇಟ್ಟು ಒಂದು ಪತ್ರ ಹಾಕಿದೆ. ಸಣ್ಣ ಮೊತ್ತದ ಕೋರ್ಟಿನಲ್ಲಿ ಹತ್ತು ಸಾವಿರ ಪೌಂಡಿನವರೆಗೆ ವಕೀಲರಿಲ್ಲದೆಯೂ ದಾವೆ ಹೂಡಬಹುದು ಅಂತ ವಿನಯವಾಗಿ ಸೇರಿಸಿದೆ. ಅವನಿಗೆ ಅರ್ಥವಾಯಿತು. ಸಿಲ್ ರಿಪೇರಿಯ ಹೆಚ್ಚುಕಡಿಮೆ ಪೂರ್ತಿ ಖರ್ಚು ಕಳಿಸಿಕೊಟ್ಟ. ಕ್ಷಮೆ ಮಾತ್ರ ಕಳಿಸಲಿಲ್ಲ. ನನಗೆ ಅದು ಬೇಕೂ ಇರಲಿಲ್ಲ.

ಕಾರು ಯಾಕೆ ಇಟ್ಟುಕೊಂಡೆ ಅಂತ ನಿಮಗೆ ಮಾತ್ರ ಹೇಳುತ್ತೇನೆ. ವಾಲ್ವ್ ಕವರ್ ಬಿಚ್ಚಿದ ದಿನ ಒಳಗೆ ನೋಡಿದರೆ ಸಾಲಾಗಿ ಎಂಟು ರಾಕರ್, ಎಂಟು ಸ್ಕ್ರೂ, ಎಂಟು ನಟ್. ನನಗೆ ಗೊತ್ತಿದ್ದ ಇಂಜಿನ್ನು! ಇಸುಜು ಬರುವ ಮುಂಚಿನ ನಿಮ್ಮ 1489 ಸಿಸಿ ಅಂಬಾಸಿಡರ್ ಇಂಜಿನ್ನೂ ಇದರ 1798 ಸಿಸಿಯದ್ದೂ ಒಂದೇ ಬಿ.ಎಂ.ಸಿ. ಬಿ-ಸೀರೀಸ್. ಬೇಸಿಗೆ ರಜದಲ್ಲಿ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಒಂಬತ್ತರ ಲೆಕ್ಕ ಹೇಳಿಕೊಟ್ಟಿರಲ್ಲ: ಎಂಟನೇ ವಾಲ್ವ್ ಪೂರ್ತಿ ಒತ್ತಿದಾಗ ಒಂದನೆಯದರ ಟ್ಯಾಪೆಟ್ ನೋಡು, ಆರು ಒತ್ತಿದಾಗ ಮೂರು, ನಾಲ್ಕು ಒತ್ತಿದಾಗ ಐದು, ಕೂಡಿದರೆ ಯಾವಾಗಲೂ ಒಂಬತ್ತು. ನನಗೆ ಮಗ್ಗಿಗಿಂತ ಮೊದಲು ಬಂದದ್ದು ಅದು. ಗೇರಿನಲ್ಲಿ ಹಾಕಿ ಕಾರನ್ನು ಮುಂದಕ್ಕೆ ತಳ್ಳುತ್ತಾ ಒಂದೊಂದಾಗಿ ಹದಿನೈದು ಥೌಗೆ ಹಿಡಿಸಿದೆ. ಫೀಲರ್ ಗೇಜ್ ನೀವು ಹೇಳಿದ ಹಾಗೇ ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಜಾರಿತು. ಇವರು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದವರು ಆಮೇಲೆ ವಾಪಸಿನ ಮಾತು ಎತ್ತಲಿಲ್ಲ.

ತಮಾಷೆಯೆಂದರೆ ಇಡೀ ಕಾರಿನಲ್ಲಿ ಆರೋಗ್ಯವಾಗಿದ್ದದ್ದು ಆ ಸುಳ್ಳು ಇಂಜಿನ್ನೇ. ಹೆಡ್ ತೆಗೆಸಿದರೆ ಸಿಲಿಂಡರ್ ಗೋಡೆಯಲ್ಲಿ ಗೀರಿಲ್ಲ. 2000ದಿಂದ ಇಲ್ಲಿ ಸೀಸ ಬೆರೆತ ಪೆಟ್ರೋಲ್ ಸಾಮಾನ್ಯ ಬಂಕುಗಳಲ್ಲಿ ಸಿಗುವುದಿಲ್ಲ, ಹಳೆಯ ವಾಲ್ವ್ ಸೀಟುಗಳು ಬೇಗ ಸವೆಯುತ್ತವೆ. ಇದಕ್ಕೆ ಯಾರೋ ಪುಣ್ಯಾತ್ಮರು ಗಟ್ಟಿ ಸೀಟು ಹಾಕಿಸಿಟ್ಟಿದ್ದಾರೆ. ಹುಟ್ಟಿದಾಗಿನ ಇಂಜಿನ್ನೇ ಆಗಿದ್ದರೆ ನಾನು ಅದನ್ನು ಮುಟ್ಟಲೂ ಹೆದರುತ್ತಿದ್ದೆ. ಈಗ ಮಳೆಯಲ್ಲೂ ಓಡಿಸುತ್ತೇನೆ, ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗಿನಲ್ಲೂ ಬಿಡುತ್ತೇನೆ. ‘ಒರಿಜಿನಲ್’ ಅನ್ನುವ ಬೆಲೆ ಹೋದ ಮೇಲೆ ಕಾಪಾಡುವುದೇನು ಉಳಿಯಿತು? ಪೆಟ್ರೋಲ್ ಪೈಪುಗಳನ್ನು ಮಾತ್ರ ಎಥನಾಲ್ ತಡೆಯುವ ರಬ್ಬರಿಗೆ ಬದಲಿಸಿದೆ. ಇಲ್ಲಿ ಇ10, ನಿಮ್ಮಲ್ಲಿ ಇ20. ನಿಮ್ಮ ಹಳೆಯ ಸ್ಕೂಟರಿನ ಪೈಪನ್ನೂ ಒಮ್ಮೆ ಹಿಸುಕಿ ನೋಡಿ.

ಸಿಲ್ ಕೆಲಸ ಮಾಡಿದ ವೆಲ್ಡರು ನಿಮಗೆ ಹಿಡಿಸುತ್ತಿದ್ದರು, ಮಾತೇ ಆಡುವುದಿಲ್ಲ. ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬೆಸೆದರು, ಬಾಡಿ ಕುಸಿಯದ ಹಾಗೆ. ಗ್ರೈಂಡರ್ ಇಟ್ಟು ಹೊರ ತಗಡು ತೆಗೆದಾಗ ಒಳಗಡೆ ಕಂಡದ್ದು ಕಿಟಕಿಯ ಸಂದಿಗೆ ಹೊಡೆಯುವ ಹಳದಿ ಫೋಮು. ಹಿಂಡಿದರೆ ಕಂದು ನೀರು ಸುರಿಯಿತು. ಅವರು ಒಂದು ತುಂಡು ನನ್ನ ಕೈಗೆ ಕೊಟ್ಟು ‘ಫೈಲಿಗೆ’ ಅಂದರು, ಅಷ್ಟೇ. ಹೊರ ಸಿಲ್ಲು, ಮಧ್ಯದ ತಗಡು, ಕೆಳಗಿನ ರೈಲು ಎಲ್ಲವೂ ಹೊಸದಾಗಿ ಸಿಗುತ್ತವೆ. ವಿಟ್ನಿಯಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜಿನವರು ಹಳೆಯ ಅಚ್ಚುಗಳನ್ನೇ ಬಳಸಿ ಪೂರ್ತಿ ಬಾಡಿಯನ್ನೇ ಮಾಡಿಕೊಡುತ್ತಾರೆ. ಅಂಬಾಸಿಡರಿಗೆ ಇಂಥದ್ದೊಂದು ಇದ್ದಿದ್ದರೆ ನೀವು ಗುಜರಿ ಗುಜರಿ ಅಲೆಯುವುದು ತಪ್ಪುತ್ತಿತ್ತು.

ಈಗ ಜಾಕಿ ಕೊಟ್ಟರೂ ಬಾಗಿಲು ತೆರೆಯುತ್ತದೆ. ಫೈಲಿನ ಮೊದಲ ಹಾಳೆಯಲ್ಲಿ ಕಾರಿನ ನಿಜವಾದ ವಿವರ ಬರೆದಿಟ್ಟಿದ್ದೇನೆ: ಇಂಜಿನ್ ಬೇರೆಯದು, ಬಣ್ಣ ಆಮೇಲಿನದು, ಸಿಲ್ ಯಾವಾಗ ಯಾರು ಹಾಕಿದ್ದು, ಫೋಟೋ ಸಮೇತ. ಫೋಮಿನ ತುಂಡು ಮಾತ್ರ ವಾಸನೆ ಬಂತು ಅಂತ ಇವರು ಎಸೆದರು.

ಒಂದು ವಿಷಯ ನೀವೇ ಹೇಳಬೇಕು. ಕಾರು ಚೆನ್ನಾಗಿ ಬಿಸಿಯಾದ ಮೇಲೆ, ಓಡುವಾಗ ಆಯಿಲ್ ಪ್ರೆಷರ್ ಮುಳ್ಳು ಅರವತ್ತರಲ್ಲಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತರೆ ಹದಿನೈದಕ್ಕೆ ಇಳಿಯುತ್ತದೆ. ಮ್ಯಾನ್ಯುಯಲ್ ಪ್ರಕಾರ ಗಾಬರಿ ಪಡುವಂಥದ್ದಲ್ಲ. ಆದರೆ ಕಾರು ನಿಂತ ಕಡೆ ಇಂಜಿನ್ನಿನ ಹಿಂಭಾಗದಿಂದ ಎರಡು ಹನಿ ಎಣ್ಣೆಯೂ ಬೀಳುತ್ತದೆ. ಬೇರಿಂಗ್ ಬಿಚ್ಚಿಸಿ ನೋಡಲೇ, ಇಲ್ಲ ಸುಮ್ಮನೆ ಓಡಿಸಲೇ? ಫೋನಿನಲ್ಲಿ ಬೇಡ, ಅಮ್ಮ ಎಣ್ಣೆ ಅಂದ ತಕ್ಷಣ ಖರ್ಚಿನ ಲೆಕ್ಕ ಶುರು ಮಾಡುತ್ತಾಳೆ. ನಿಧಾನವಾಗಿ ಬರೆದು ಹಾಕಿ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಅಕ್ಕನ ಮಗಳು