ತೊದಲು ಮುಗಿಯುವ ಕಾಲ

ಮಕ್ಕಳು ಬೆಳೆಯುವುದನ್ನು ಬಾಗಿಲ ಚೌಕಟ್ಟಿನ ಮೇಲೆ ಗೀಟೆಳೆದು ಅಳೆಯುವವರುಂಟು. ಗಿಡ್ಡವಾದ ಅಂಗಿಯನ್ನು ಮಡಿಸಿಡುವಾಗ ಅರಿಯುವವರುಂಟು. ಈ ಎರಡು ಅಳತೆಗೂ ಸಿಕ್ಕದ ಬೆಳವಣಿಗೆ ಇನ್ನೊಂದಿದೆ. ಅದು ನಾಲಗೆಯ ಬೆಳವಣಿಗೆ. ಎತ್ತರಕ್ಕೆ ಗೀಟು ಉಳಿಯುತ್ತದೆ, ಅಂಗಿಗೆ ಪೆಟ್ಟಿಗೆಯಲ್ಲಿ ಜಾಗ ದೊರೆಯುತ್ತದೆ; ತೊದಲು ಮಾತ್ರ ಯಾರಿಗೂ ಹೇಳದೆ ಮನೆಬಿಟ್ಟು ಹೋಗುತ್ತದೆ.

ತೊದಲೆಂದರೆ ಅಡ್ಡಾದಿಡ್ಡಿ ಮಾತೆಂದು ತಿಳಿಯಬಾರದು. ಮಗು ಮೊದಮೊದಲು ವಶಮಾಡಿಕೊಳ್ಳುವ ವ್ಯಂಜನಗಳಲ್ಲಿ ತುಟಿ ಸೇರಿಸಿದರೆ ಹುಟ್ಟುವ ಪ, ಬ, ಮಗಳು ಸೇರಿವೆ. ಅಪ್ಪ, ಅಮ್ಮ, ಬುವ್ವ: ಪುಟ್ಟ ಸಂಸಾರಕ್ಕೆ ಬೇಕಾದ ಮೂರು ಮಾತೂ ತುಟಿಯಂಚಿನಲ್ಲೇ ಸಿದ್ಧವಾಗಿವೆ. ನಾಲಗೆಯ ಹಿಂಭಾಗವನ್ನೆತ್ತಿ ನುಡಿಯಬೇಕಾದ ಕ, ಗಗಳು ಅನೇಕ ಮಕ್ಕಳಿಗೆ ಕೆಲಕಾಲ ದಕ್ಕುವುದಿಲ್ಲ. ಅವು ಹಲ್ಲಿನ ಹಿಂದೆಯೇ ನಿಂತು ತ, ದಗಳಾಗುತ್ತವೆ. ನಾಲಗೆಯ ತುದಿ ಕಂಪಿಸಬೇಕಾದ ರಕಾರ ಬರುವುದು ಇನ್ನೂ ತಡ. ಅಲ್ಲಿಯವರೆಗೆ ರೈಲು 'ಲೈಲು'. ಆದರೂ ಇದರಲ್ಲಿ ಒಂದು ಕಟ್ಟುಪಾಡುಂಟು. ಕಾಗೆಯನ್ನು 'ತಾದೆ' ಎಂದ ಮಗು ಗೂಬೆಯನ್ನು 'ದೂಬೆ' ಎಂದೇ ಕರೆಯುತ್ತದೆ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ದೊಡ್ಡವರ ಕನ್ನಡಕ್ಕೆ ಸೂತ್ರ ಬರೆದನು. ಈ ಪುಟ್ಟ ವೈಯಾಕರಣರು ತಮ್ಮ ಸೂತ್ರಗಳನ್ನು ತಾವೇ ಮಾಡಿಕೊಳ್ಳುತ್ತಾರೆ. ಅವನಿಗೂ ಹಿಂದೆ, 9ನೆಯ ಶತಮಾನದಲ್ಲಿ, 'ಕವಿರಾಜಮಾರ್ಗ'ವು ಕನ್ನಡಿಗರ ನುಡಿಜಾಣ್ಮೆಯನ್ನು ಹೊಗಳುವಾಗ ಚಿಕ್ಕ ಮಕ್ಕಳನ್ನೂ ಬಿಡಲಿಲ್ಲ. ಕವಿಯ ಕಿವಿಗೆ ಯಾವ ಮನೆಯ ತೊದಲು ಬಿದ್ದಿತ್ತೋ!

ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ ನಾಲ್ಕು ತುಂಬುತ್ತಿದ್ದ ಹುಡುಗಿಗೆ ಚಂದಮಾಮನು 'ತಂದಮಾಮ'ನಾಗಿದ್ದನು. ರಾತ್ರಿ ಊಟವಾದ ಮೇಲೆ ತಂದೆ ಆಕೆಯನ್ನೆತ್ತಿಕೊಂಡು ತಾರಸಿಗೆ ಹೋಗುವುದು ವಾಡಿಕೆ. "ಮಾಮ ಈ ಹೊತ್ತು ಏನು ತಂದ?" ಎಂದು ಆತ ಕೇಳುವನು. ಒಂದು ದಿನ ಮಾಮ ಬಾಳೆಯ ಹಣ್ಣು ತಂದಿರುತ್ತಿದ್ದ, ಇನ್ನೊಂದು ದಿನ ಬೆಕ್ಕಿನ ಮರಿ. ಅಮಾವಾಸ್ಯೆಯ ದಿನ ಮಾತ್ರ, ಪಾಪ, ಆತ ತರುವುದಕ್ಕೆಂದು ಅಂಗಡಿಗೆ ಹೋಗಿರುತ್ತಿದ್ದ.

ತಾಯಿಗೆ ಮುಂದಿನ ಜೂನ್ ತಿಂಗಳ ಶಾಲೆಯ ಚಿಂತೆ. ಬೇರೆ ಮಕ್ಕಳು ನಕ್ಕರೇನು ಗತಿ? "ಚ ಎನ್ನು, ಪುಟ್ಟಿ" ಎಂದು ದಿನವೂ ಪಾಠ ನಡೆಯಿತು. ಭಾದ್ರಪದದ ಒಂದು ರಾತ್ರಿ ಹುಡುಗಿ ಮೋಡದಂಚಿಗೆ ಬೆರಳು ತೋರಿ, "ಚಂದಮಾಮ" ಎಂದು ಸ್ಪಷ್ಟವಾಗಿ ನುಡಿದಳು. ತಾಯಿ ಚಪ್ಪಾಳೆ ತಟ್ಟಿದಳು. ತಂದೆಯೂ ತಟ್ಟಿದನು. ಅನಂತರ ಎಂದಿನಂತೆ, "ಮಾಮ ಏನು ತಂದ?" ಎಂದನು. ಹುಡುಗಿ ಆತನ ಮುಖವನ್ನೇ ನೋಡಿ, "ಯಾಕೆ ತರಬೇಕು? ಅವನು ಚಂದಮಾಮ ಅಲ್ಲವಾ?" ಎಂದಳು.

ಆ ಚಕಾರ ಬಾರದೆ ಇದ್ದಿದ್ದರೆ ಇದೇ ತಂದೆ ತಾಯಿ ವೈದ್ಯರ ಬಾಗಿಲಿಗೆ ಅಲೆಯುತ್ತಿದ್ದರು. ಬಂದಿತಲ್ಲ ಎಂಬ ಸಮಾಧಾನವೂ, ಬಂದುಬಿಟ್ಟಿತಲ್ಲ ಎಂಬ ಕಳವಳವೂ ಒಂದೇ ಎದೆಯೊಳಗೆ ಹೇಗೆ ಹಿಡಿಸುತ್ತವೆಯೋ, ಮಕ್ಕಳಿರುವವರೇ ಬಲ್ಲರು. ಈಗ ಮೊಬೈಲಿನಲ್ಲಿ ದನಿಯನ್ನು ಹಿಡಿದಿಡಬಹುದು, ಆತನೂ ಹಿಡಿದಿಟ್ಟಿದ್ದನು. ಹುಡುಗಿ ಅದನ್ನು ಕೇಳಿ, "ಈ ಪಾಪು ಯಾರು?" ಎಂದು ಬಿದ್ದು ಬಿದ್ದು ನಕ್ಕಳು.

ಕಾರ್ತಿಕ ಮಾಸದ ಕಡೆಯ ಸೋಮವಾರ ಬಂದಿತು. ದೊಡ್ಡ ಬಸವಣ್ಣನ ಗುಡಿಯ ಸುತ್ತ ಕಡಲೆಕಾಯಿ ಪರಿಷೆ. ರಸ್ತೆಯ ಎರಡು ಬದಿಗೂ ಕಡಲೆಕಾಯಿಯ ರಾಶಿಗಳು. ಮಗನು ಹೊರಡುವಾಗ ಅಜ್ಜಿ ಒಳಗಿನಿಂದ ಕೂಗಿ, "ಎರಡು ಸೇರು ತಲೆತಾಯಿ ತೆಗೆದುಕೊಂಡು ಬಾರಪ್ಪ" ಎಂದರು. ಆಕೆ ಕಡಲೆಕಾಯಿಯನ್ನು ಎಂದೂ ಹಾಗೆಯೇ ಕರೆದವರು. ಅದು ಅವರ ತವರಿನ ಕಡೆಯ ಮಾತಿರಬೇಕೆಂದು ಮಗನು ನಂಬಿದ್ದನು. ಒಮ್ಮೆ ನಿಘಂಟಿನಲ್ಲಿ ಹುಡುಕಿಯೂ ಇದ್ದನು.

ಹೊಸದಾಗಿ ಮಾತು ತಿದ್ದಿಕೊಂಡ ಹುಡುಗಿಗೆ ಸುಮ್ಮನಿರಲಾಗಲಿಲ್ಲ. "ಅಜ್ಜೀ, ಕಡಲೆಕಾಯಿ ಅನ್ನಬೇಕು."

"ನನಗೇನು ಹೇಳುತ್ತೀಯೆ? ಆ ಮಾತು ನಿಮ್ಮಪ್ಪನದು. ಮೂರು ವರ್ಷದವನಿದ್ದಾಗ ಹಾಗೆ ಅನ್ನುತ್ತಿದ್ದ. ಅವನು ಬಿಟ್ಟುಬಿಟ್ಟ, ನಾನು ಇಟ್ಟುಕೊಂಡೆ."

ಮಗನು ಚೀಲ ಹಿಡಿದು ಹೊಸಿಲಲ್ಲೇ ನಿಂತಿದ್ದನು. ಮೂವತ್ತೈದು ವರ್ಷಗಳಿಂದ ತನ್ನ ಮಾತನ್ನೇ ತಾಯಿಯ ಬಾಯಲ್ಲಿ ಕೇಳುತ್ತ ಬಂದಿದ್ದರೂ ಗುರುತು ಹತ್ತಿರಲಿಲ್ಲ.

ಪರಿಷೆಯ ಗದ್ದಲದಲ್ಲಿ ಮಾರುವವಳು ಸೇರನ್ನು ರಾಶಿಗೆ ನೆಟ್ಟು, "ಏನು ಬೇಕು ಸ್ವಾಮೀ, ಹಸಿಯದೋ ಹುರಿದದ್ದೋ?" ಎಂದಳು. ಆತನಿಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಆಮೇಲೆ, ಎಲ್ಲರಂತೆ, "ಕಡಲೆಕಾಯಿ, ಹುರಿದದ್ದು, ಎರಡು ಸೇರು" ಎಂದನು.