ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಾನು ಎಷ್ಟು ಜನರ ಮೇಲೆ ಪ್ರಯೋಗಿಸಿದ್ದೇನೆಯೋ ಲೆಕ್ಕವಿಲ್ಲ. ಈಚೆಗೆ ಮೊಮ್ಮಗನ ಮೇಲೆಯೂ ಪ್ರಯೋಗಿಸಿದೆ. ಅಂದಿನಿಂದ ಅದನ್ನು ಬಿಟ್ಟಿದ್ದೇನೆ.

ಹುಡುಗನಿಗೆ ಹನ್ನೆರಡು ವರುಷ. ಕಂಪ್ಯೂಟರಿನಲ್ಲಿ ಮೈನ್‌ಕ್ರಾಫ್ಟ್ ಎಂಬ ಆಟ ಆಡುತ್ತಾನೆ. ಚೌಕ ಇಟ್ಟಿಗೆಗಳ ಲೋಕವದು. ಅಗೆಯುವುದು, ಕಟ್ಟುವುದು, ಸಾಯದೆ ಉಳಿಯುವುದು, ಇಷ್ಟೇ ಅಲ್ಲಿಯ ಪುರುಷಾರ್ಥ. ಅಂದು ಸಂಜೆ, ಮೂರು ದಿನ ಅಗೆದು ಕೂಡಿಸಿದ ವಜ್ರಗಳನ್ನು ಹೊತ್ತು ಹೊಸ ದಾರಿಯಲ್ಲಿ ಓಡುತ್ತಿದ್ದವನು ಲಾವಾದ ಮಡುವಿಗೆ ಬಿದ್ದ. ವಜ್ರಗಳೂ ಸುಟ್ಟುಹೋದುವು. “ನನ್ನ ತಪ್ಪಲ್ಲ ತಾತ, ಆಟಾನೇ ಒಂದು ಗಳಿಗೆ ನಿಂತುಬಿಡ್ತು” ಎಂದು ಕಣ್ಣೀರಿಟ್ಟ. ನಾನು ಗಾದೆ ಹೇಳಿದೆ. ಅಷ್ಟಕ್ಕೇ ಬಿಡದೆ ಪುರಾವೆ ಕೇಳಿದೆ.

ಅವನು ಎಫ್3 ಗುಂಡಿ ಒತ್ತಿದ. ತೆರೆಯ ಮೂಲೆಯಲ್ಲಿ ಅಂಕಿಗಳು ಮೂಡಿದುವು. ಚಲನೆಯೆಂಬುದು ಸಿನಿಮಾದಂತೆ ಇಲ್ಲಿಯೂ ಬಿಡಿ ಚಿತ್ರಗಳ ಮಾಯೆಯೇ. ಆದರೆ ಸಿನಿಮಾದ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ, ಸೆಕೆಂಡಿಗೆ 24ರಂತೆ ಓಡಿಸಿದರೆ ಸಾಕು. ಆಟದ ಚಿತ್ರಗಳನ್ನು ಯಂತ್ರ ಆಗಿಂದಾಗಲೇ ಬರೆಯಬೇಕು. ಸೆಕೆಂಡಿಗೆ ಎಷ್ಟು ಬರೆಯಿತೆಂಬುದೇ ಫ್ರೇಮ್ ರೇಟ್. ಅಂಕಿ 60 ಎಂದಿತು. “ಅರವತ್ತು ಇದೆಯಲ್ಲಪ್ಪ, ಇನ್ನೇನು ಬೇಕು?” ಎಂದು ಬೀಗಿದೆ.

“ಅದು ಒಂದು ಸೆಕೆಂಡಿನ ಒಟ್ಟು ಲೆಕ್ಕ ತಾತ. ಇದನ್ನ ನೋಡು” ಎಂದು ಇನ್ನೊಂದು ಗುಂಡಿ ಸೇರಿಸಿ ಒತ್ತಿದ. ಕೆಳಗೆ ಸಣ್ಣ ಗೆರೆಗಳು ಸಾಲುಗಟ್ಟಿದುವು. ಒಂದೊಂದು ಗೆರೆಯೂ ಒಂದೊಂದು ಚಿತ್ರಕ್ಕೆ ಹಿಡಿದ ಕಾಲ. ನಿಂತಲ್ಲೇ ಇದ್ದಾಗ ಸಾಲು ಕತ್ತರಿಸಿದ ಹುಲ್ಲಿನಂತೆ ಸಮವಾಗಿತ್ತು. ಹೊಸ ನೆಲದ ಕಡೆ ಓಡಿದೊಡನೆ ನಡುನಡುವೆ ಒಂದು ಗೆರೆ ತೆಂಗಿನ ಮರದಂತೆ ಎದ್ದು ನಿಂತಿತು. ಯಂತ್ರ ಹೊಸ ಲೋಕ ಸೃಷ್ಟಿಸಲು ತಿಣುಕುತ್ತಿತ್ತು.

ಲೆಕ್ಕ ಹಾಕಿದೆ. ಅರವತ್ತೂ ಸಮವಾಗಿ ಬಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡು. ಆದರೆ 59 ಚಿತ್ರಗಳು ತಲಾ ಹದಿಮೂರೂವರೆಯಲ್ಲಿ ಬಂದು, ಉಳಿದೊಂದು 200 ಮಿಲಿಸೆಕೆಂಡು ಕಾಯಿಸಿದರೂ ಮೊತ್ತ ಅರವತ್ತೇ! ಅಂಕಿ ಸುಳ್ಳು ಹೇಳಿರಲಿಲ್ಲ. ಹುಡುಗ ಬಿದ್ದದ್ದು ಆ ಇನ್ನೂರರಲ್ಲಿ.

ನಾನು ಪೆನ್ಷನ್ ಕಾಗದಗಳ ಕಚೇರಿಯಲ್ಲಿ ಮೂವತ್ತು ವರುಷ ಸವೆಸಿದವನು. ವರುಷ ವರುಷವೂ ವರದಿಗೆ ಸರಾಸರಿ ತೆಗೆಯುತ್ತಿದ್ದವನು ನಾನೇ: ಅರ್ಜಿಯೊಂದಕ್ಕೆ ಇಪ್ಪತ್ತು ದಿನ. ಒಮ್ಮೆ ಒಬ್ಬ ಮುದುಕಿ ಬಂದು, “ಎಂಟು ತಿಂಗಳಾಯ್ತು ಸ್ವಾಮಿ, ನನ್ನದು ಮಾತ್ರ ಬರಲಿಲ್ಲ” ಎಂದಳು. “ಇಲ್ಲಿ ಎಲ್ಲ ಇಪ್ಪತ್ತು ದಿನದಲ್ಲಿ ಆಗುತ್ತಮ್ಮ, ನಿಮ್ಮ ಕಾಗದದಲ್ಲೇ ಏನೋ ದೋಷ” ಎಂದೆ. ಅಂದೂ ಮನಸ್ಸಿನಲ್ಲಿ ಇದೇ ಗಾದೆ. ಆಕೆ ಮರುಮಾತಾಡದೆ ಹೋದಳು. ಕಡತ ತೆಗೆದು ನೋಡಲು ನನಗೆ ಐದು ನಿಮಿಷ ಸಾಕಿತ್ತು.

ಹುಡುಗ ಆಟದಲ್ಲಿ ನೋಟದ ದೂರವನ್ನು 24ರಿಂದ 12ಕ್ಕೆ ಇಳಿಸಿದ. ದೂರ ಅರ್ಧವಾದರೆ ಯಂತ್ರ ಹೊರುವ ನೆಲ ಸುಮಾರು ಕಾಲುಭಾಗವಾಗುತ್ತದೆ. ಬೇರೇನನ್ನೂ ಮುಟ್ಟದೆ ಅಷ್ಟೇ ದೂರ ಮತ್ತೆ ಹೊಸ ನೆಲದಲ್ಲಿ ಓಡಿ ನೋಡಿದ. ತೆಂಗಿನ ಮರಗಳು ತುಂಬೆಗಿಡಗಳಾದುವು.

ಈಗ ಅವನು ಮತ್ತೆ ವಜ್ರ ಅಗೆಯುತ್ತಿದ್ದಾನೆ. “ಅರವತ್ತು ನೋಡಬೇಡ ತಾತ, ಗೆರೆ ನೋಡ್ತಿರು” ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಾನೆ. ನೋಡುತ್ತ ಕುಳಿತಿದ್ದೇನೆ.