ನಮ್ಮ ನಿಪ್ಪಾಣಿ ಕಾಕಾ

ಮೋಟಾರು ಗಾಡಿಯ ಹುಚ್ಚು ಹಿಡಿದವರ ಸ್ನೇಹ ರಸ್ತೆ ಚೆನ್ನಾಗಿರುವವರೆಗೆ ಮಾತ್ರ ಎಂದು ಜನ ಆಡಿಕೊಳ್ಳುವುದುಂಟು. ಭಾನುವಾರ ಒಂದೆಡೆ ಸೇರುವುದು, ಬಾನೆಟ್ಟು ತೆರೆದು ಒಬ್ಬರ ಎಂಜಿನ್ನಿಗೆ ಇನ್ನೊಬ್ಬರು ತಲೆದೂಗುವುದು, ಘಾಟಿನ ಮೇಲೆ ಚಹ ಕುಡಿದು ಹಿಂದಿರುಗುವುದು. ಇಷ್ಟರಲ್ಲಿ ಸುಖದುಃಖ ಹಂಚಿಕೊಳ್ಳುವಂಥದೇನಿದೆ ಎಂದು ನಮ್ಮ ಮನೆಯವರೇ ಎಷ್ಟೋ ಸಲ ಕೇಳಿದ್ದಾರೆ. ನಾವು ಇದಕ್ಕೆ ಬಾಯಿಂದ ಉತ್ತರ ಕೊಟ್ಟವರಲ್ಲ. ಉತ್ತರ ದೊರೆತದ್ದು ನಿಪ್ಪಾಣಿ ಕಾಕಾ ಕಾಯಿಲೆ ಬಿದ್ದ ಮೇಲೆ. ಅವರು 2024ರ ಜ್ಯೇಷ್ಠ ಮಾಸದಲ್ಲಿ ನಮ್ಮನ್ನಗಲಿದರು. ಅವರನ್ನು ಕಂಡು ನಕ್ಕವರು ನಮ್ಮ ಸಂಘದ ಕುಟುಂಬಗಳಲ್ಲಿ ಅನೇಕರಿದ್ದಾರೆ; ಯುಗಾದಿಯ ದಿನ ಅವರ ಗಾಡಿಯಲ್ಲಿ ಮೈದಾನ ಸುತ್ತಿದ ಮಕ್ಕಳಂತೂ ಲೆಕ್ಕವಿಲ್ಲ. ಆದುದರಿಂದ ಅವರ ವಿಷಯವಾಗಿ ನಾಲ್ಕು ಮಾತು ಇಲ್ಲಿ ಬರೆಯುವುದು ಉಚಿತವೆಂದು ತೋರಿತು.

ಚಾಕಣವೆಂದರೆ ಹಿಂದಿನವರಿಗೆ ಕೋಟೆ ಮತ್ತು ಉಳ್ಳಾಗಡ್ಡಿಯ ಪೇಟೆ. 1660ರಲ್ಲಿ ಫಿರಂಗೋಜಿ ನರಸಾಳಾ ಎಂಬ ಕಿಲ್ಲೇದಾರ ಬೆರಳೆಣಿಕೆಯ ಜನರೊಡನೆ ಶಾಯಿಸ್ತೇಖಾನನ ದೊಡ್ಡ ಸೈನ್ಯವನ್ನು ಐವತ್ತು ದಿನಗಳಿಗೂ ಮೀರಿ ತಡೆದು ನಿಲ್ಲಿಸಿದ್ದು ಇಲ್ಲಿಯೇ. ಈಗ ಚಾಕಣವೆಂದರೆ ಮೋಟಾರು. 1999ರಲ್ಲಿ ಬಜಾಜ್ ಕಂಪನಿಯ ಕಾರ್ಖಾನೆ, 2009ರಲ್ಲಿ ಫೋಕ್ಸ್‌ವಾಗನ್ ಕಂಪನಿಯದು, ಆ ಬಳಿಕ ಮಹೀಂದ್ರದ್ದು ಬಂದುವು. ಅವಕ್ಕೆ ಬಿಡಿಭಾಗ ಒದಗಿಸುವ ಸಣ್ಣಪುಟ್ಟವು ನೂರಾರು. ಅನ್ನ ಅರಸಿಕೊಂಡು ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿಗಳಿಂದ ಇಲ್ಲಿಗೆ ಬಂದ ಕನ್ನಡಿಗರೂ ಬಹಳ. ದಿನವಿಡೀ ಹೊಸ ಗಾಡಿಗಳ ನಡುವೆ ದುಡಿಯುವ ನಮಗೆ ರಜೆಯ ದಿನ ಹಳೆಯ ಗಾಡಿಗಳ ಮೇಲೆ ಏಕೆ ಪ್ರೀತಿ ಹುಟ್ಟಿತೋ ದೇವರೇ ಬಲ್ಲ. ಅಂತೂ ಹತ್ತು ಹದಿನೈದು ಮಂದಿ ಸೇರಿ ಒಂದು ಕೂಟ ಕಟ್ಟಿಕೊಂಡೆವು. ಹೆಸರಿಗೆ ಕ್ಲಬ್ಬು, ಅದಕ್ಕೆ ಕಚೇರಿಯಿಲ್ಲ, ವಂತಿಗೆಯಿಲ್ಲ, ಅಧ್ಯಕ್ಷರೂ ಇಲ್ಲ. ಅರ್ಧ ಕನ್ನಡಿಗರು, ಅರ್ಧ ಮರಾಠಿಗರು. ನಾಲ್ಕು ಫಿಯಟ್ಟು, ಮೂರು ಅಂಬಾಸಿಡರು, ಉಳಿದುವು ಹಳೆಯ ಮಾರುತಿಗಳು.

ಕಾಕಾ ಇದ್ದದ್ದು ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ. ಊರು ನಿಪ್ಪಾಣಿ. ಗಡಿಯ ಊರಿನವರಾದ್ದರಿಂದ ಎರಡು ಭಾಷೆಯೂ ಅವರಿಗೆ ತಾಯಿಯ ಹಾಲಿನೊಡನೆ ಬಂದುವು. ಯಾರಾದರೂ ಗಡಿಯ ವಿವಾದದ ಮಾತೆತ್ತಿದರೆ, "ನಾನು ಗೇರ್ ಕನ್ನಡದಾಗ ಹಾಕತೇನಿ, ಬ್ರೇಕ್ ಮರಾಠಿಯೊಳಗ ಒತ್ತತೇನಿ. ಗಾಡಿ ನಡದೈತಿಲ್ಲೋ?" ಎಂದು ಇಬ್ಬರ ಬಾಯನ್ನೂ ಮುಚ್ಚಿಸುತ್ತಿದ್ದರು. ಅವರ ಗಾಡಿ 1985ರ ಪ್ರೀಮಿಯರ್ ಪದ್ಮಿನಿ, 1089 ಸಿ.ಸಿ. ಎಂಜಿನ್ನು, ಸ್ಟಿಯರಿಂಗಿನ ಕೊರಳಲ್ಲೇ ಗೇರಿನ ಹಿಡಿ. ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಫಿಯಟ್ಟಿಗೆ 1974ರಲ್ಲಿ ಚಿತ್ತೋಡದ ರಾಣಿಯ ಹೆಸರಿಟ್ಟರು. ಕಾಕಾ ಆ ರಾಣಿಯನ್ನು ನಮ್ಮೂರ ಹೆಣ್ಣುಮಗಳನ್ನಾಗಿ ಮಾಡಿ 'ಪದ್ಮಕ್ಕ' ಎಂದು ಕರೆದರು.

ಬೇಸಗೆಯಲ್ಲಿ ಒಮ್ಮೆ ಮಾಳಶೇಜ ಘಾಟಿನ ನಡುವೆ ಪದ್ಮಕ್ಕ ನಿಂತುಬಿಟ್ಟಳು. ಹಳೆಯ ಫಿಯಟ್ಟು ಇಟ್ಟವರಿಗೆ ಈ ರೋಗ ಗೊತ್ತು: ಎಂಜಿನ್ನಿನ ಕಾವಿಗೆ ಪೆಟ್ರೋಲು ನಳಿಗೆಯಲ್ಲೇ ಆವಿಯಾಗಿ, ಪಂಪು ಎಷ್ಟು ಎಳೆದರೂ ಮುಂದಕ್ಕೆ ಬಾರದು. ಕಾಕಾ ತಮ್ಮ ಹೆಗಲ ಮೇಲಿನ ಟವೆಲನ್ನು ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿ, "ಅಕ್ಕಗ ಜ್ವರಾ ಬಂದೈತಿ, ತಣ್ಣೀರ ಪಟ್ಟಿ ಹಾಕೇನಿ. ಯಾರೂ ಗದ್ದಲಾ ಮಾಡಬ್ಯಾಡ್ರಿ" ಎಂದು ರಸ್ತೆಯ ಪಕ್ಕದಲ್ಲಿ ಹಾಸಿಗೆ ಬಿಚ್ಚಿ ಚುರುಮುರಿ ಕಲಸಲು ಕುಳಿತರು. ಕಾಲು ಗಂಟೆಯಲ್ಲಿ ಅಕ್ಕನ ಜ್ವರ ಇಳಿಯಿತು. ಅಷ್ಟರಲ್ಲಿ ದಾರಿಹೋಕರಿಬ್ಬರು ನಮ್ಮ ಪಂಕ್ತಿಯಲ್ಲಿ ಸೇರಿದ್ದರು.

ನಮ್ಮ ಕ್ಲಬ್ಬಿಗೆ ಇದ್ದ ನಿಯಮಗಳು ಮೂರೇ, ಮೂರೂ ಕಾಕಾ ಮಾಡಿದುವು. ಎಲ್ಲಕ್ಕಿಂತ ಮೆಲ್ಲಗೆ ಹೋಗುವ ಗಾಡಿ ಸಾಲಿನ ಮುಂದಿರತಕ್ಕದ್ದು. ಗಾಡಿ ಕೆಟ್ಟವನಿಗೆ ಮೊದಲ ಊಟ. ನಿಂತ ಗಾಡಿ ಹೊರಡುವ ತನಕ ಯಾರೂ ಮುಂದೆ ಹೋಗಕೂಡದು. ಇವುಗಳ ಜೊತೆಗೆ ಒಂದು ಬಹುಮಾನವೂ ಇತ್ತು. ಪ್ರವಾಸದಲ್ಲಿ ಯಾರ ಗಾಡಿ ಕೆಡುವುದೋ ಅದರ ಬಾನೆಟ್ಟಿಗೆ ಚಾಕಣದ ಪೇಟೆಯಿಂದ ತಂದ ಉಳ್ಳಾಗಡ್ಡಿಯ ಮಾಲೆ. ಈ ಮಾಲೆ ಅತಿ ಹೆಚ್ಚು ಸಲ ಬಿದ್ದದ್ದು ಪದ್ಮಕ್ಕನಿಗೇ. ಅದನ್ನು ಮನೆಗೆ ಕೊಂಡೊಯ್ದು, "ಈ ವಾರದ ಪಗಾರ" ಎಂದು ಕಾಕು ಅವರ ಕೈಗೆ ಕೊಡುತ್ತಿದ್ದರು.

ಈ ಮನುಷ್ಯನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಚಂಚಿ ಇರುತ್ತಿತ್ತು. ಅದರಲ್ಲಿ ತಂಬಾಕು, ಒಂದು ಪುಟ್ಟ ಸುಣ್ಣದ ಡಬ್ಬಿ. ಅಂಗೈಯಲ್ಲಿ ತಿಕ್ಕಿ ಕೆನ್ನೆಯೊಳಗೆ ಇಟ್ಟುಕೊಳ್ಳದೆ ಅವರು ಸ್ಟಿಯರಿಂಗು ಹಿಡಿಯುತ್ತಿರಲಿಲ್ಲ. ಬಿಡಿರೆಂದು ಹೇಳಿದವರಿಗೆ ಅವರ ಉತ್ತರ ತಮಾಷೆಯದಾಗಿರಲಿಲ್ಲ. ನಿಪ್ಪಾಣಿಯ ಸೀಮೆ ಬೀಡಿಯ ತಂಬಾಕಿಗೆ ಹೆಸರಾದದ್ದು. ಅವರ ತಂದೆ ಎರಡೆಕರೆಯಲ್ಲಿ ಅದನ್ನೇ ಬೆಳೆದರು. ತಾಯಿ ವಖಾರದಲ್ಲಿ ತಂಬಾಕಿನ ಧೂಳಿನ ನಡುವೆ ಕೂಲಿ ಮಾಡಿದರು. 1981ರಲ್ಲಿ ಬೆಲೆಗಾಗಿ ರೈತರು ಹೆದ್ದಾರಿಯನ್ನು ತಡೆದು ಕುಳಿತಾಗ ತಂದೆಯೂ ಅಲ್ಲಿದ್ದರು. ಹದಿನಾರರ ಹುಡುಗನಾಗಿದ್ದ ಕಾಕಾ ದಿನವೂ ರೊಟ್ಟಿಯ ಗಂಟು ಹೊತ್ತು ಹೋಗುತ್ತಿದ್ದರಂತೆ. ಏಪ್ರಿಲ್ 6ರಂದು ಅಲ್ಲಿ ಗೋಲೀಬಾರಾಗಿ ರೈತರು ಪ್ರಾಣ ತೆತ್ತರು. ಆ ಚಳವಳಿಯ ಮುಂದಾಳು ಶರದ್ ಜೋಶಿಯವರು ಅದಕ್ಕೆ ಮೊದಲು ಉಳ್ಳಾಗಡ್ಡಿಯ ಬೆಲೆಗಾಗಿ ರೈತರನ್ನು ಕೂಡಿಸಿದ್ದು ನಮ್ಮ ಚಾಕಣದಲ್ಲಿಯೇ. ಅವರ ಹೊಲವಿದ್ದ ಅಂಬೇಠಾಣ ಇಲ್ಲಿಗೆ ಹತ್ತಿರದ ಹಳ್ಳಿ. ಆ ದಾರಿಯಲ್ಲಿ ಹಾಯುವಾಗಲೆಲ್ಲ ಕಾಕಾ ಹಾರ್ನನ್ನು ಒಂದು ಸಲ ಒತ್ತುತ್ತಿದ್ದರು. "ತಂಬಾಕದ ರೊಕ್ಕದಾಗ ನನ್ನ ಐ.ಟಿ.ಐ. ಆತು. ಅದನ್ನ ಹೆಂಗ ಬೈಲಿ?" ಎಂಬ ಅವರ ಪ್ರಶ್ನೆಗೆ ಹಿತವಚನ ಹೇಳಬಂದವರು ಸುಮ್ಮನಾಗುತ್ತಿದ್ದರು.

2021ರ ದೀಪಾವಳಿಯ ಹೊತ್ತಿಗೆ ಅವರ ನಾಲಗೆಯ ಅಂಚಿನಲ್ಲಿ ಒಂದು ಹುಣ್ಣು ಕಾಣಿಸಿತು. ಉಷ್ಣವೆಂದು ಎಳನೀರು ಕುಡಿದರು, ಖಾರ ಬಿಟ್ಟರು. ತಿಂಗಳು ಕಳೆದರೂ ಅದು ಮಾಯಲಿಲ್ಲ. ಹಲ್ಲುನೋವಿಗೆಂದು ಹೋದಾಗ ದಂತವೈದ್ಯರು ಒಂದೇ ನೋಟಕ್ಕೆ ಗಂಭೀರರಾಗಿ, ಆ ದಿನವೇ ಮುಂದಿನ ಪರೀಕ್ಷೆಗೆ ಚೀಟಿ ಬರೆದುಕೊಟ್ಟರು. ನಾಲಗೆಯ ಕ್ಯಾನ್ಸರ್ ಎಂದು ನಿಶ್ಚಯವಾಯಿತು. 1941ರಿಂದಲೂ ದೇಶದ ಮೂಲೆಮೂಲೆಯ ರೋಗಿಗಳು ನಂಬಿ ಬರುವ ಪರಳದ ಟಾಟಾ ಆಸ್ಪತ್ರೆಗೆ ಅವರೂ ಹೋದರು. 2022ರ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನಾಲಗೆಯ ಅರ್ಧಕ್ಕೂ ಹೆಚ್ಚು ಭಾಗವನ್ನೂ ಕುತ್ತಿಗೆಯ ಗಂಟುಗಳನ್ನೂ ತೆಗೆದು, ಮುಂಗೈಯ ಚರ್ಮದಿಂದ ಹೊಸ ನಾಲಗೆಯನ್ನು ಹೊಲಿದರು. ಉಣ್ಣುವುದು ಮೂಗಿನ ನಳಿಗೆಯಿಂದ.

ಮಾತೇ ಬದುಕಾಗಿದ್ದ ಮನುಷ್ಯನಿಂದ ದೈವವು ಮಾತನ್ನೇ ಕಿತ್ತುಕೊಂಡಿತು. ಅವರನ್ನು ನೋಡಲು ಮೊದಲ ಸಲ ಹೋದಾಗ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆವು, ಯಾರಿಗೂ ಹೊಳೆಯಲಿಲ್ಲ. ಒಳಗೆ ಕಾಲಿಟ್ಟೊಡನೆ ಕಾಕಾ ದಿಂಬಿನಡಿಯಿಂದ ಮಕ್ಕಳ ಪಾಟಿಯೊಂದನ್ನು ತೆಗೆದು ಬರೆದು ತೋರಿಸಿದರು: "ಸೈಲೆನ್ಸರ್ ಕೂಡ್ಸ್ಯಾರ. ಎಂಜಿನ್ ನಡದೈತಿ." ನಾವು ನಗಬಾರದ ಜಾಗದಲ್ಲಿ ನಕ್ಕೆವು. ದಾದಿಯೊಬ್ಬರು ಗದರಿಸಲು ಬಂದವರು ಪಾಟಿಯನ್ನು ಓದಿಸಿಕೊಂಡು ತಾವೂ ನಕ್ಕರು.

ಬಳಿಕ ವಿಕಿರಣ ಚಿಕಿತ್ಸೆ; ವಾರಕ್ಕೆ ಐದು ದಿನ, ಆರು ವಾರ. ಮುಂಬಯಿಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ಆಶ್ರಯ ಕೊಡುವ ಧರ್ಮಶಾಲೆಯೊಂದರಲ್ಲಿ ಕಾಕಾ ಮತ್ತು ಕಾಕು ಇಳಿದುಕೊಂಡರು. ಪ್ರತಿ ಶುಕ್ರವಾರ ಸಂಜೆ ಅವರನ್ನು ಚಾಕಣಕ್ಕೆ ಕರೆತರುವುದು, ಭಾನುವಾರ ಸಂಜೆ ಮತ್ತೆ ಮುಟ್ಟಿಸುವುದು, ಇದಕ್ಕೆ ನಮ್ಮ ಪಾಳಿ ಏರ್ಪಟ್ಟಿತು. ತಳೇಗಾಂವದ ಮೇಲೆ ಹೋಗಿ ಖಂಡಾಳಾ ಘಾಟು ಇಳಿಯುವ ಈ ದಾರಿಯಲ್ಲಿ ನಾವು ಮೋಜಿಗಾಗಿ ಎಷ್ಟೋ ಸಲ ಹೋದವರೇ. ಈಗ ಮೂರನೆಯ ನಿಯಮಕ್ಕೆ ಹೊಸ ಅರ್ಥ ಬಂದಿತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಗಾಡಿ ನಿಂತಿದೆ; ಹೊರಡುವ ತನಕ ಮುಂದೆ ಹೋಗುವಂತಿಲ್ಲ. ಆರು ವಾರದಲ್ಲಿ ಒಂದು ಪಾಳಿಯೂ ತಪ್ಪಲಿಲ್ಲ. ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದವರಿಗೆ ಬೇರೊಬ್ಬರು ಬದಲಿಯಾದರು. ಮರಾಠಿ ಗೆಳೆಯರ ಮನೆಯಿಂದ ನಳಿಗೆಗೆ ಹಾಕುವ ತೆಳುಗಂಜಿ, ಸೋಸಿದ ಬೇಳೆಯ ಕಟ್ಟು ಬಂದುವು. ಗಾಡಿ ಕೆಟ್ಟವನಿಗೆ ಮೊದಲ ಊಟವಲ್ಲವೆ?

ಚಿಕಿತ್ಸೆ ಮುಗಿದು ಬಂದ ದಿನ ಅವರನ್ನು ಕರೆತಂದ ಗಾಡಿಗೆ ಉಳ್ಳಾಗಡ್ಡಿಯ ಮಾಲೆ ಹಾಕಿದೆವು. ಕಾಕಾ ಪಾಟಿಯ ಮೇಲೆ, "ಮಾಲಿ ಗಾಡಿಗಲ್ಲ, ಡ್ರೈವರಗ" ಎಂದು ತಿದ್ದುಪಡಿ ಸೂಚಿಸಿದರು. ಅಂದಿನಿಂದ ಪ್ರವಾಸದಲ್ಲಿ ಅವರ ಮಾತೆಲ್ಲ ಹಾರ್ನಿನದು: ಹೌದು ಎಂದರೆ ಒಂದು, ಅಲ್ಲ ಎಂದರೆ ಎರಡು, ಚಹ ಬೇಕೆಂದರೆ ಬಿಡದೆ ಮೂರು. ಒಬ್ಬ ಸಂಚಾರಿ ಪೋಲೀಸನು ಹಿಡಿದು ಕೇಳಿದಾಗ ಪಾಟಿಯಲ್ಲಿ ಮರಾಠಿಯಿಂದ, "ಸಾಹೇಬರೇ, ನಾನು ಬಡಬಡಿಸುವ ಸ್ವಭಾವದವನು" ಎಂದು ಬರೆದುಕೊಟ್ಟರು. ಅವನು ನಗುತ್ತ ಬಿಟ್ಟುಕೊಟ್ಟ.

2023ರ ಅಕ್ಟೋಬರ್ 30ರಂದು ಮುಂಬಯಿಯ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿಗಳು ಕೊನೆಯದಾಗಿ ಮರೆಯಾದುವು. ಅಲ್ಲಿಯ ಟ್ಯಾಕ್ಸಿಗೆ ಇಪ್ಪತ್ತು ವರ್ಷವೇ ಆಯುಸ್ಸು. ಪತ್ರಿಕೆಯನ್ನು ಓದಿ ನಾವು ವ್ಯಸನಪಡುತ್ತಿದ್ದಾಗ ಕಾಕಾ ಬರೆದರು: "ಮನೀ ಗಾಡಿಗೆ ಹಂಗಿಲ್ಲ. ಪರೀಕ್ಷಾದಾಗ ಪಾಸಾದ್ರ ಮತ್ತ ಐದ ವರ್ಷ." ವೈದ್ಯರೂ ಈ ರೋಗದಲ್ಲಿ ಐದು ವರ್ಷದ ಲೆಕ್ಕವನ್ನೇ ಹಿಡಿಯುತ್ತಾರೆ, ರೋಗ ಮರಳುವುದಾದರೆ ಬಹುಮಟ್ಟಿಗೆ ಮೊದಲ ಎರಡು ವರ್ಷಗಳಲ್ಲಿಯೇ ಮರಳುತ್ತದೆ. ಅವರು ಇದನ್ನು ಬಲ್ಲರೆಂಬುದು ಅವರ ಕಣ್ಣಿನಲ್ಲಿ ಕಂಡಿತು. ಎರಡು ವರ್ಷ ತುಂಬಲು ಕೆಲವೇ ದಿನಗಳಿರುವಾಗ ಕುತ್ತಿಗೆಯಲ್ಲಿ ಮತ್ತೆ ಗಂಟು ಎದ್ದಿತು. ಈ ಸಲ ವೈದ್ಯರು ವಾಸಿಯ ಮಾತನ್ನು ಆಡಲಿಲ್ಲ. ನೋವು ಕಡಿಮೆ ಮಾಡುವ ಮಾತನ್ನಷ್ಟೇ ಆಡಿದರು.

ನಗಿಸುವವರಿಗೆ ನೋವಿಲ್ಲವೆಂದು ತಿಳಿಯುವುದು ಸುಲಭ. ಕೊನೆಯ ತಿಂಗಳುಗಳಲ್ಲಿ ಕಾಕಾ ಪಾಟಿಯನ್ನು ಗೋಡೆಯ ಕಡೆ ತಿರುಗಿಸಿಟ್ಟು ದಿನವಿಡೀ ಏನೂ ಬರೆಯದೆ ಮಲಗಿದ್ದುಂಟು. ಆಗ ನಾವೂ ಸುಮ್ಮನೆ ಕುಳಿತು ಬಂದೆವು. ಒಂದು ಸಂಜೆ ಕಾಕು ಹಣೆಗೆ ತಣ್ಣೀರ ಪಟ್ಟಿ ಹಾಕುತ್ತಿರಲು, ಬಳಪಕ್ಕಾಗಿ ಕೈ ಚಾಚಿ ನಿಧಾನವಾಗಿ, "ಪದ್ಮಕ್ಕನ ಜಡ್ಡು ನನಗ ಅಂಟಿತು" ಎಂದು ಬರೆದರು. ಇನ್ನೊಂದು ದಿನ ಬರೆದದ್ದು ಹೀಗೆ: "ತಂಬಾಕ ನನಗ ಅನ್ನಾ ಹಾಕಿತು, ಅದರ ಬಡ್ಡಿ ಈಗ ವಸೂಲ ಮಾಡಾಕತ್ತೈತಿ. ಹುಡುಗರಿಗೆ ಹೇಳ್ರಿ, ಸಾಲಾ ಮಾಡಬ್ಯಾಡ್ರಿ." ಅವರು ನಮಗೆ ಕೊಟ್ಟ ಉಪದೇಶ ಇದೊಂದೇ.

ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ ಹೊರಡುವ ಹೊತ್ತಿಗೆ, ಮೊದಲ ಮಳೆಯಲ್ಲಿ, ಅವರು ಕಣ್ಣು ಮುಚ್ಚಿದರು. ವಯಸ್ಸು ಐವತ್ತೊಂಬತ್ತು. ಅಂತಿಮ ಯಾತ್ರೆಯಲ್ಲಿ ನಮ್ಮ ಗಾಡಿಗಳೆಲ್ಲ ಸಾಲಾಗಿ ಹೋದುವು. ಮೆಲ್ಲಗೆ ಹೋಗುವ ಗಾಡಿ ಮುಂದಿರಬೇಕಲ್ಲವೆ? ಪದ್ಮಕ್ಕನನ್ನು ಅವರ ಮಗಳೇ ನಡೆಸಿದಳು. ಸ್ಟಿಯರಿಂಗಿನ ಗೇರನ್ನು ಅವಳು ಅಪ್ಪನಿಂದ ಕಲಿತದ್ದು ಪಾಟಿಯ ಮೇಲೆ ಗೆರೆ ಎಳೆದು ತೋರಿಸಿದ ಪಾಠದಿಂದ. ಗಾಡಿಯನ್ನು ಮಾರುವುದಿಲ್ಲವೆಂದು ಅವಳು ನಿಶ್ಚಯಿಸಿದ್ದಾಳೆ.

ಪ್ರವಾಸಕ್ಕೆ ಮುಂಚೆ ಎಣ್ಣೆ, ನೀರು, ಬ್ರೇಕು ನೋಡುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇತ್ತು. ಈಗ ಮೂರು ತಿಂಗಳಿಗೊಮ್ಮೆ ದಂತವೈದ್ಯರೊಬ್ಬರು ಬಂದು ನಮ್ಮೆಲ್ಲರ ಬಾಯನ್ನೂ ನೋಡುತ್ತಾರೆ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯೊಳಗಿನ ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಕುತ್ತಿಗೆಯ ಗಂಟು, ಇವು ಕಂಡೊಡನೆ ತೋರಿಸಿಕೊಳ್ಳಬೇಕು; ಆರಂಭದಲ್ಲೇ ಹಿಡಿದರೆ ಈ ರೋಗ ವಾಸಿಯಾಗುವ ಸಂಭವ ಬಹಳ ಹೆಚ್ಚು. ತಂಬಾಕು ಬಿಡಬಯಸುವವರಿಗಾಗಿ ಸರ್ಕಾರದ ಶುಲ್ಕವಿಲ್ಲದ ದೂರವಾಣಿ 1800-11-2356 ಇದೆ. ಓದುಗರ ಮನೆಯಲ್ಲಿ ಯಾರಿಗಾದರೂ ಬೇಕಾದೀತೆಂದು ಇಲ್ಲಿ ಬರೆದಿದ್ದೇವೆ.

ನಮ್ಮಲ್ಲಿ ಚಂಚಿ ಇಟ್ಟುಕೊಂಡಿದ್ದ ನಾಲ್ವರ ಪೈಕಿ ಮೂವರು ಬಿಟ್ಟಿದ್ದಾರೆ. ಒಬ್ಬರಿಗೆ ಇನ್ನೂ ಸಾಧ್ಯವಾಗಿಲ್ಲ. ಬಿಡುತ್ತಾರೆ, ಮತ್ತೆ ಹಿಡಿಯುತ್ತಾರೆ, ನಾಚಿಕೊಂಡು ಕೂಟಕ್ಕೆ ಬಾರದೆ ಉಳಿಯುತ್ತಾರೆ. ಅವರ ಮನೆಯ ಮುಂದೆ ಹೋಗಿ ಹಾರ್ನ್ ಒತ್ತಿ ಕರೆದುಕೊಂಡು ಬರುತ್ತೇವೆ. ನಿಂತ ಗಾಡಿಯನ್ನು ಬಿಟ್ಟು ಮುಂದೆ ಹೋಗುವ ರೂಢಿ ನಮ್ಮಲ್ಲಿಲ್ಲ.